ಲೈಸೆನ್ಸ್ ಇಲ್ಲದ ಕಂಪನಿ, ಲೈಸೆನ್ಸ್ ಇರುವ ಬ್ರೋಕರ್: ಅಮೆರಿಕದ ‘ಸರ್‌ಪ್ಲಸ್ ಲೈನ್ಸ್’ ವಿಮೆಯ ನಿಯಮಗಳು

ತಲಪಾಡಿ ಗಡಿ ದಾಟಿದರೆ ಆಡಳಿತ ಭಾಷೆ ಬದಲಾಗುತ್ತದೆ, ವಾಹನ ತೆರಿಗೆ ಬದಲಾಗುತ್ತದೆ, ಜಮೀನಿನ ದಾಖಲೆಗಳ ಹೆಸರುಗಳೂ ಬದಲಾಗುತ್ತವೆ. ಆದರೆ ಮಂಗಳೂರಿನ ಅಂಗಡಿಗೇ ಆಗಲಿ, ಮಂಜೇಶ್ವರದ ಅಂಗಡಿಗೇ ಆಗಲಿ, ಬೆಂಕಿ ವಿಮೆ ಮಾಡಿಸಿದರೆ ಅನ್ವಯಿಸುವ ಕಾನೂನು ಒಂದೇ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮೆಯು ಕೇಂದ್ರ ಪಟ್ಟಿಗೆ ಸೇರಿದ 47ನೇ ವಿಷಯ. ದೇಶಕ್ಕೆಲ್ಲ ಒಂದೇ ನಿಯಂತ್ರಣ ಪ್ರಾಧಿಕಾರವಿದೆ, ಅದರ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ.

ಅಮೆರಿಕದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ವಿಮೆಯನ್ನು ನಿಯಂತ್ರಿಸುವುದು ಆಯಾ ರಾಜ್ಯ. ಒಂದು ರಾಜ್ಯದಲ್ಲಿ ಲೈಸೆನ್ಸ್ ಪಡೆದ ಕಂಪನಿ ಪಕ್ಕದ ರಾಜ್ಯದಲ್ಲಿ ವ್ಯವಹಾರ ಮಾಡಬೇಕಾದರೆ ಅಲ್ಲಿಯೂ ಬೇರೆ ಲೈಸೆನ್ಸ್ ಪಡೆಯಬೇಕು. ಹಾಗಾದರೆ ರಾಜ್ಯದೊಳಗೆ ಲೈಸೆನ್ಸ್ ಇರುವ ಯಾವ ಕಂಪನಿಯೂ ಒಂದು ಮನೆಗೆ ಅಥವಾ ಕಾರ್ಖಾನೆಗೆ ವಿಮೆ ಕೊಡಲು ಮುಂದೆ ಬಾರದಿದ್ದರೆ ಏನು ಮಾಡುವುದು? ಈ ಪ್ರಶ್ನೆಗೆ ಅಲ್ಲಿನ ರಾಜ್ಯಗಳು ಕಂಡುಕೊಂಡ ಉತ್ತರವೇ ‘ಸರ್‌ಪ್ಲಸ್ ಲೈನ್ಸ್’ ವಿಮೆ. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಟೆಕ್ಸಾಸ್ ಮುಂತಾದ ರಾಜ್ಯಗಳಲ್ಲಿ ಮನೆ ಕೊಂಡು ನೆಲೆಸಿರುವ ಕನ್ನಡಿಗರೂ ಈಗ ಈ ಹೆಸರನ್ನು ಕೇಳಬೇಕಾಗಿ ಬಂದಿದೆ. ಕಾಳ್ಗಿಚ್ಚು ಮತ್ತು ಚಂಡಮಾರುತಗಳ ನಷ್ಟ ಹೆಚ್ಚಿದಂತೆ ಸಾಮಾನ್ಯ ವಿಮಾ ಕಂಪನಿಗಳು ಕೆಲವು ಪ್ರದೇಶಗಳಿಂದ ಹಿಂದೆ ಸರಿಯುತ್ತಿರುವುದೇ ಇದಕ್ಕೆ ಕಾರಣ.

ಹೆಸರಿನ ಅರ್ಥ

‘ಸರ್‌ಪ್ಲಸ್’ ಎಂದರೆ ಮಿಕ್ಕಿದ್ದು. ಲೈಸೆನ್ಸ್ ಇರುವ ಕಂಪನಿಗಳು ತಮ್ಮ ಶಕ್ತಿಯಿದ್ದಷ್ಟು ಅಪಾಯವನ್ನು ವಹಿಸಿಕೊಂಡ ಮೇಲೆ ಮಿಕ್ಕಿದ ಭಾಗವನ್ನು ಹೊರಗಿನ ಕಂಪನಿಗೆ ಒಪ್ಪಿಸುವ ಪದ್ಧತಿಯಿಂದ ಈ ಹೆಸರು ಬಂದಿದೆ. ಇದಕ್ಕೆ ಮೊದಲು ಕಾನೂನು ಮಾಡಿದ ರಾಜ್ಯ ನ್ಯೂಯಾರ್ಕ್, 1890ರಲ್ಲಿ. ನ್ಯೂಯಾರ್ಕಿನಲ್ಲಿ ಇಂದಿಗೂ ಇದಕ್ಕೆ ‘ಎಕ್ಸೆಸ್ ಲೈನ್’ ಎಂಬ ಹೆಸರು ಬಳಕೆಯಲ್ಲಿದೆ.

ರಾಜ್ಯದ ಲೈಸೆನ್ಸ್ ಇರುವ ಕಂಪನಿಗೆ ‘ಅಡ್ಮಿಟೆಡ್’ ಕಂಪನಿ ಎಂದೂ, ಇಲ್ಲದ ಕಂಪನಿಗೆ ‘ನಾನ್ ಅಡ್ಮಿಟೆಡ್’ ಕಂಪನಿ ಎಂದೂ ಕರೆಯುತ್ತಾರೆ. ಇಲ್ಲಿ ಒಂದು ತಪ್ಪು ಕಲ್ಪನೆಗೆ ಅವಕಾಶವಿದೆ. ನಾನ್ ಅಡ್ಮಿಟೆಡ್ ಎಂದರೆ ಕಳ್ಳ ಕಂಪನಿ ಎಂದಲ್ಲ. ಅದು ತನ್ನ ಸ್ವಂತ ರಾಜ್ಯದಲ್ಲಿ ಅಥವಾ ಸ್ವಂತ ದೇಶದಲ್ಲಿ ಕಾನೂನುಬದ್ಧವಾಗಿ ನಡೆಯುತ್ತಿರುವ ಕಂಪನಿಯೇ ಆಗಿರುತ್ತದೆ. ಲಂಡನ್ನಿನ ಪ್ರಸಿದ್ಧ ಲಾಯ್ಡ್ಸ್ ಮಾರುಕಟ್ಟೆ ಅಮೆರಿಕದ ಈ ವ್ಯವಹಾರದಲ್ಲಿ ಅತಿ ದೊಡ್ಡ ಪಾಲುದಾರರಲ್ಲೊಂದು.

ಎರಡು ಬಗೆಯ ಕಂಪನಿಗಳಿಗೂ ಮುಖ್ಯ ವ್ಯತ್ಯಾಸ ಸ್ವಾತಂತ್ರ್ಯದಲ್ಲಿದೆ. ಅಡ್ಮಿಟೆಡ್ ಕಂಪನಿ ತನ್ನ ಪ್ರೀಮಿಯಂ ದರವನ್ನೂ ಪಾಲಿಸಿಯ ಒಕ್ಕಣೆಯನ್ನೂ ರಾಜ್ಯದ ವಿಮಾ ಇಲಾಖೆಗೆ ಸಲ್ಲಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1988ರ ಜನಮತಗಣನೆಯಲ್ಲಿ ಅಂಗೀಕಾರವಾದ ‘ಪ್ರಪೊಸಿಷನ್ 103’ರ ಪ್ರಕಾರ ಮನೆ ಮತ್ತು ವಾಹನ ವಿಮೆಯ ದರ ಏರಿಸಲು ಮುಂಚಿತವಾಗಿ ಒಪ್ಪಿಗೆ ಬೇಕು. ಸರ್‌ಪ್ಲಸ್ ಲೈನ್ಸ್ ಕಂಪನಿಗೆ ಸಾಮಾನ್ಯವಾಗಿ ಈ ಕಟ್ಟುಪಾಡು ಇಲ್ಲ. ದರವನ್ನೂ ಷರತ್ತನ್ನೂ ಅದೇ ನಿರ್ಧರಿಸಬಹುದು. ಪಟಾಕಿ ಕಾರ್ಖಾನೆ, ಮನರಂಜನಾ ಉದ್ಯಾನ, ರಾಸಾಯನಿಕ ಗೋದಾಮು, ಕಾಡಂಚಿನ ಮನೆ ಇಂಥವುಗಳಿಗೆ ವಿಮೆ ಸಿಗುವುದು ಈ ಸ್ವಾತಂತ್ರ್ಯದಿಂದಲೇ. ಗ್ರಾಹಕನಿಗೆ ಕೆಲವು ರಕ್ಷಣೆಗಳು ತಪ್ಪಿಹೋಗುವುದೂ ಇದರಿಂದಲೇ.

ರಾಜ್ಯಗಳಿಗೆ ಅಧಿಕಾರ ಬಂದ ಬಗೆ

1869ರಲ್ಲಿ ‘ಪಾಲ್ ವಿರುದ್ಧ ವರ್ಜೀನಿಯಾ’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿಮೆಯ ಪಾಲಿಸಿ ಅಂತರರಾಜ್ಯ ವಾಣಿಜ್ಯವಲ್ಲ ಎಂದು ತೀರ್ಪಿತ್ತಿತು. ಹೀಗಾಗಿ ವಿಮೆ ರಾಜ್ಯಗಳ ಕೈಯಲ್ಲೇ ಉಳಿಯಿತು. 1944ರಲ್ಲಿ ಅದೇ ಕೋರ್ಟು ‘ಸೌತ್ ಈಸ್ಟರ್ನ್ ಅಂಡರ್‌ರೈಟರ್ಸ್’ ಮೊಕದ್ದಮೆಯಲ್ಲಿ ತನ್ನ ಅಭಿಪ್ರಾಯವನ್ನು ಬದಲಿಸಿತು. ಮರುವರ್ಷವೇ, ಅಂದರೆ 1945ರಲ್ಲಿ, ಸಂಸತ್ತು ಮೆಕ್‌ಕ್ಯಾರನ್-ಫರ್ಗುಸನ್ ಕಾಯ್ದೆಯನ್ನು ಮಾಡಿ ನಿಯಂತ್ರಣವನ್ನು ರಾಜ್ಯಗಳಿಗೇ ಬಿಟ್ಟುಕೊಟ್ಟಿತು. ಪ್ರತಿ ರಾಜ್ಯಕ್ಕೂ ಪ್ರತ್ಯೇಕ ವಿಮಾ ಇಲಾಖೆ, ಪ್ರತ್ಯೇಕ ಕಾನೂನು ಇರುವುದರ ಹಿನ್ನೆಲೆ ಇದು.

ಹೊರಗಿನ ಕಂಪನಿಯ ಮೇಲೆ ರಾಜ್ಯಕ್ಕೆ ನೇರ ಹಿಡಿತ ಕಡಿಮೆ. ಆದರೆ ಆ ಕಂಪನಿಗೆ ಗ್ರಾಹಕನನ್ನು ತಂದೊಪ್ಪಿಸುವ ಬ್ರೋಕರ್ ರಾಜ್ಯದ ಲೈಸೆನ್ಸಿಗೆ ಒಳಪಟ್ಟವನು. ಆದ್ದರಿಂದ ರಾಜ್ಯಗಳು ಹೊಣೆಯನ್ನು ಬ್ರೋಕರ್‌ನ ಹೆಗಲಿಗೆ ಹೊರಿಸಿದವು. ಸರ್‌ಪ್ಲಸ್ ಲೈನ್ಸ್ ಕಾನೂನಿನ ತಿರುಳು ಇಷ್ಟೇ. ಉಳಿದ ನಿಯಮಗಳೆಲ್ಲ ಇದರ ಸುತ್ತಲೇ ಹೆಣೆದುಕೊಂಡಿವೆ.

ಬ್ರೋಕರ್‌ನ ಲೈಸೆನ್ಸ್

ಸಾಮಾನ್ಯ ವಿಮಾ ಏಜೆಂಟನ ಲೈಸೆನ್ಸ್ ಈ ಕೆಲಸಕ್ಕೆ ಸಾಲದು. ಸರ್‌ಪ್ಲಸ್ ಲೈನ್ಸ್ ಬ್ರೋಕರ್ ಎಂಬ ಪ್ರತ್ಯೇಕ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದರ ಜತೆಗೆ 50,000 ಡಾಲರ್ ಮೊತ್ತದ ಬಾಂಡ್ ಕೂಡ ಒದಗಿಸಬೇಕು. ಊರಿನ ಏಜೆಂಟನಿಗೆ ಈ ಲೈಸೆನ್ಸ್ ಇಲ್ಲದಿದ್ದರೆ ಆತ ಲೈಸೆನ್ಸ್ ಇರುವ ಸಗಟು ಬ್ರೋಕರ್‌ನ ಬಳಿಗೆ ಹೋಗುತ್ತಾನೆ. ಹೀಗಾಗಿ ಅನೇಕ ಪಾಲಿಸಿಗಳಲ್ಲಿ ಗ್ರಾಹಕ ಮತ್ತು ಕಂಪನಿಯ ನಡುವೆ ಇಬ್ಬರು ಮಧ್ಯವರ್ತಿಗಳಿರುತ್ತಾರೆ. ಗ್ರಾಹಕನಿಗೆ ಮುಖ ಪರಿಚಯ ಇರುವುದು ಒಬ್ಬನದು ಮಾತ್ರ. ಕಾನೂನಿನ ಮುಂದೆ ತೆರಿಗೆ ಮತ್ತು ದಾಖಲೆಗಳಿಗೆ ಮುಖ್ಯವಾಗಿ ಉತ್ತರ ಹೇಳಬೇಕಾದವನು ಇನ್ನೊಬ್ಬ.

ಮೊದಲು ಒಳಗೆ ಹುಡುಕಬೇಕು

ಬ್ರೋಕರ್ ನೇರವಾಗಿ ಹೊರಗಿನ ಕಂಪನಿಗೆ ಹೋಗುವಂತಿಲ್ಲ. ರಾಜ್ಯದೊಳಗೆ ಲೈಸೆನ್ಸ್ ಇರುವ ಕಂಪನಿಗಳಲ್ಲಿ ಪ್ರಾಮಾಣಿಕವಾಗಿ ಹುಡುಕಿದ್ದೇನೆ ಎಂದು ತೋರಿಸಬೇಕು. ಇದಕ್ಕೆ ‘ಡಿಲಿಜೆಂಟ್ ಸರ್ಚ್’ ಎಂಬ ಹೆಸರಿದೆ. ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ರೂಢಿ ಮೂರು ನಿರಾಕರಣೆಗಳು. ಅಂದರೆ ಆ ಬಗೆಯ ವಿಮೆಯನ್ನು ವಾಸ್ತವವಾಗಿ ಮಾಡುತ್ತಿರುವ ಮೂರು ಅಡ್ಮಿಟೆಡ್ ಕಂಪನಿಗಳು ‘ನಮ್ಮಿಂದಾಗದು’ ಎಂದಿರಬೇಕು. ಹಡಗಿನ ವಿಮೆ ಮಾತ್ರ ಮಾಡುವ ಕಂಪನಿಯಿಂದ ಮನೆಯ ವಿಮೆಗೆ ನಿರಾಕರಣೆ ಪಡೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ನಿರ್ಬಂಧವೂ ಇದೆ. ಕೇವಲ ಕಡಿಮೆ ದರಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹೊರಗಿನ ಕಂಪನಿಗೆ ಹೋಗುವಂತಿಲ್ಲ. ಹುಡುಕಾಟದ ವಿವರಗಳನ್ನು ಬ್ರೋಕರ್ ‘ಎಸ್‌ಎಲ್-1’ ಮತ್ತು ‘ಎಸ್‌ಎಲ್-2’ ಎಂಬ ನಮೂನೆಗಳಲ್ಲಿ 60 ದಿನಗಳೊಳಗೆ ಸಲ್ಲಿಸಬೇಕು. ನ್ಯೂಯಾರ್ಕಿನಲ್ಲಿ ಪ್ರಮಾಣಪತ್ರದೊಂದಿಗೆ 45 ದಿನಗಳೊಳಗೆ ಸಲ್ಲಿಸಬೇಕು.

ಇದಕ್ಕೆ ವಿನಾಯಿತಿಗಳೂ ಇವೆ. ಒಳಗಿನ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಎಂದು ವಿಮಾ ಇಲಾಖೆಗೇ ಖಚಿತವಾದ ಬಗೆಗಳನ್ನು ಕೆಲವು ರಾಜ್ಯಗಳು ‘ಎಕ್ಸ್‌ಪೋರ್ಟ್ ಲಿಸ್ಟ್’ ಎಂಬ ಪಟ್ಟಿಯಲ್ಲಿ ಸೇರಿಸಿರುತ್ತವೆ. ಆ ಪಟ್ಟಿಯಲ್ಲಿರುವ ವಿಮೆಗೆ ಹುಡುಕಾಟ ಬೇಕಿಲ್ಲ. ಇನ್ನು ಕೆಲವು ರಾಜ್ಯಗಳು ಹುಡುಕಾಟದ ನಿಯಮವನ್ನೇ ಕೈಬಿಟ್ಟಿವೆ. ಫ್ಲೋರಿಡಾ 2025ರ ಜುಲೈ 1ರಿಂದ ಈ ಹಾದಿ ಹಿಡಿಯಿತು. ಮೂರು ಕಾಗದ ಸಂಗ್ರಹಿಸುವುದು ಬರೀ ಶಾಸ್ತ್ರವಾಗಿತ್ತು ಎಂಬುದು ಬ್ರೋಕರ್‌ಗಳ ವಾದ. ಆದರೆ ಹುಡುಕಾಟ ಕಡ್ಡಾಯವಲ್ಲದ ಕಡೆ, ಒಳಗೆ ವಿಮೆ ಸಿಗುತ್ತಿತ್ತೇ ಎಂದು ವಿಚಾರಿಸುವ ಹೊಣೆ ಗ್ರಾಹಕನ ಮೇಲೆಯೇ ಬೀಳುತ್ತದೆ.

ಯಾವ ಕಂಪನಿ ಅರ್ಹ?

ಒಳಗೆ ಸಿಗಲಿಲ್ಲವೆಂದು ಹೊರಗಿನ ಯಾವ ಕಂಪನಿಗಾದರೂ ಒಪ್ಪಿಸುವ ಹಾಗಿಲ್ಲ. ಅದು ‘ಅರ್ಹ’ ಕಂಪನಿ ಆಗಿರಬೇಕು. ಈ ವಿಷಯದಲ್ಲಿ ರಾಜ್ಯಕ್ಕೊಂದು ಅಳತೆಗೋಲು ಇದ್ದುದನ್ನು 2010ರ ಕೇಂದ್ರ ಕಾನೂನು ಬಹುಮಟ್ಟಿಗೆ ಏಕರೂಪಕ್ಕೆ ತಂದಿತು. ಡಾಡ್-ಫ್ರಾಂಕ್ ಕಾಯ್ದೆಯ ಭಾಗವಾದ ಈ ಕಾನೂನನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ‘ಎನ್‌ಆರ್‌ಆರ್‌ಎ’ ಎನ್ನುತ್ತಾರೆ. ಇದು 2011ರ ಜುಲೈ 21ರಿಂದ ಜಾರಿಗೆ ಬಂತು.

ಇದರ ಪ್ರಕಾರ ಅಮೆರಿಕದ ಬೇರೆ ರಾಜ್ಯದ ಕಂಪನಿಗೆ ಎರಡು ಪರೀಕ್ಷೆಗಳಿವೆ. ಒಂದು, ತನ್ನ ಸ್ವಂತ ರಾಜ್ಯದಲ್ಲಿ ಅದೇ ಬಗೆಯ ವಿಮೆ ಮಾಡಲು ಅದಕ್ಕೆ ಅಧಿಕಾರ ಇರಬೇಕು. ಎರಡು, ಅದರ ಬಂಡವಾಳ ಮತ್ತು ಮಿಗತೆ ನಿಧಿ ಸೇರಿ ಕನಿಷ್ಠ 1.5 ಕೋಟಿ ಡಾಲರ್ ಇರಬೇಕು. ರಾಜ್ಯದ ಕನಿಷ್ಠ ಮಿತಿ ಅದಕ್ಕಿಂತ ಹೆಚ್ಚಾಗಿದ್ದರೆ ಅಷ್ಟು ಇರಬೇಕು. ಕಂಪನಿಯ ಆಡಳಿತದ ಗುಣಮಟ್ಟ, ಮಾತೃಸಂಸ್ಥೆಯ ಬಲ ಮುಂತಾದವನ್ನು ಪರಿಶೀಲಿಸಿ ವಿಮಾ ಆಯುಕ್ತರು ಈ ಮೊತ್ತದಲ್ಲಿ ರಿಯಾಯಿತಿ ಕೊಡಬಹುದು. ಆದರೆ ಅದು 45 ಲಕ್ಷ ಡಾಲರಿಗಿಂತ ಕೆಳಗೆ ಇಳಿಯುವಂತಿಲ್ಲ.

ವಿದೇಶಿ ಕಂಪನಿಯಾದರೆ ರಾಜ್ಯಗಳ ವಿಮಾ ಆಯುಕ್ತರ ರಾಷ್ಟ್ರೀಯ ಸಂಘವಾದ ‘ಎನ್‌ಎಐಸಿ’ಯ ಅಂತರರಾಷ್ಟ್ರೀಯ ವಿಭಾಗವು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಯಾವ ರಾಜ್ಯವೂ ಅದನ್ನು ತಡೆಯುವಂತಿಲ್ಲ. ಆ ಪಟ್ಟಿಗೆ ಸೇರಲು ಅಮೆರಿಕದಲ್ಲಿ ಒಂದು ಟ್ರಸ್ಟ್ ನಿಧಿಯನ್ನು ಇಟ್ಟಿರಬೇಕು. ಕಂಪನಿ ವಿದೇಶದಲ್ಲಿ ಮುಳುಗಿದರೂ ಅಮೆರಿಕದ ಪಾಲಿಸಿದಾರರಿಗೆ ಆ ಹಣ ಸಿಗಲಿ ಎಂಬುದು ಉದ್ದೇಶ. ಕ್ಯಾಲಿಫೋರ್ನಿಯಾದ ವಿಮಾ ಇಲಾಖೆ ಸ್ವಇಚ್ಛೆಯಿಂದ ಅರ್ಜಿ ಹಾಕಿದ ಕಂಪನಿಗಳ ‘ಲಾಸ್ಲಿ’ ಎಂಬ ಪ್ರತ್ಯೇಕ ಪಟ್ಟಿಯನ್ನೂ ಪ್ರಕಟಿಸುತ್ತದೆ.

ಎರಡು ರಾಜ್ಯಗಳಲ್ಲಿ ಆಸ್ತಿ ಇದ್ದರೆ

2010ರ ಕಾನೂನಿನ ಇನ್ನೊಂದು ಮುಖ್ಯ ಅಂಶ ‘ಹೋಮ್ ಸ್ಟೇಟ್’, ಅಂದರೆ ವಿಮೆದಾರನ ಸ್ವಂತ ರಾಜ್ಯ. ಟೆಕ್ಸಾಸಿನಲ್ಲಿ ಮುಖ್ಯ ಕಚೇರಿ ಇರುವ ಒಂದು ವ್ಯಾಪಾರ ಸಂಸ್ಥೆಗೆ ಲೂಸಿಯಾನಾ ಮತ್ತು ಒಕ್ಲಹೋಮಾಗಳಲ್ಲಿ ಗೋದಾಮುಗಳಿವೆ ಎಂದಿಟ್ಟುಕೊಳ್ಳೋಣ. ಹಿಂದೆ ಒಂದೇ ಪಾಲಿಸಿಗೆ ಮೂರೂ ರಾಜ್ಯಗಳ ನಿಯಮ ಪಾಲಿಸಬೇಕಿತ್ತು, ತೆರಿಗೆಯನ್ನು ಹಂಚಿ ಕಟ್ಟಬೇಕಿತ್ತು. ಈಗ ಟೆಕ್ಸಾಸಿನ ನಿಯಮ ಮತ್ತು ಟೆಕ್ಸಾಸಿನ ತೆರಿಗೆ ಮಾತ್ರ.

ವ್ಯಕ್ತಿಗಳಿಗೆ ಮುಖ್ಯ ವಾಸಸ್ಥಳದ ರಾಜ್ಯವೇ ಸ್ವಂತ ರಾಜ್ಯ. ಆದರೆ ವಿಮೆ ಮಾಡಿದ ಆಸ್ತಿ ಪೂರ್ತಿಯಾಗಿ ಆ ರಾಜ್ಯದ ಹೊರಗಿದ್ದರೆ, ಪ್ರೀಮಿಯಂನ ಹೆಚ್ಚಿನ ಪಾಲು ಯಾವ ರಾಜ್ಯಕ್ಕೆ ಸೇರುವುದೋ ಅದು ಸ್ವಂತ ರಾಜ್ಯವಾಗುತ್ತದೆ. ನ್ಯೂಜೆರ್ಸಿಯಲ್ಲಿ ವಾಸವಾಗಿದ್ದು ಫ್ಲೋರಿಡಾದಲ್ಲಿರುವ ಮನೆಗಷ್ಟೇ ಪಾಲಿಸಿ ಮಾಡಿಸಿದವರಿಗೆ ಆ ಪಾಲಿಸಿಯ ಮಟ್ಟಿಗೆ ಫ್ಲೋರಿಡಾದ ನಿಯಮ ಅನ್ವಯಿಸುತ್ತದೆ.

ದೊಡ್ಡ ಸಂಸ್ಥೆಗಳಿಗೆ ಇದೇ ಕಾನೂನು ಹುಡುಕಾಟದಿಂದ ವಿನಾಯಿತಿ ಕೊಟ್ಟಿದೆ. ಅರ್ಹ ‘ರಿಸ್ಕ್ ಮ್ಯಾನೇಜರ್’ ಇರುವ, ಹಿಂದಿನ 12 ತಿಂಗಳಲ್ಲಿ 1 ಲಕ್ಷ ಡಾಲರಿಗಿಂತ ಹೆಚ್ಚು ವಾಣಿಜ್ಯ ವಿಮಾ ಪ್ರೀಮಿಯಂ ಕಟ್ಟಿದ ಸಂಸ್ಥೆಗೆ ಇದು ಅನ್ವಯ. ಅದರ ಜತೆಗೆ 2 ಕೋಟಿ ಡಾಲರ್ ಮೀರಿದ ನಿವ್ವಳ ಆಸ್ತಿ, 5 ಕೋಟಿ ಡಾಲರ್ ಮೀರಿದ ವಾರ್ಷಿಕ ಆದಾಯ, 500ಕ್ಕಿಂತ ಹೆಚ್ಚು ಪೂರ್ಣಕಾಲಿಕ ನೌಕರರು ಮುಂತಾದ ಅರ್ಹತೆಗಳಲ್ಲಿ ಒಂದಾದರೂ ಇರಬೇಕು. ಇವು 2010ರ ಮೂಲ ಕಾನೂನಿನ ಅಂಕಿಗಳು. ಇವುಗಳಲ್ಲಿ ಆಸ್ತಿ ಮತ್ತು ಆದಾಯದ ಮೊತ್ತವನ್ನು ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಗೆ ತಕ್ಕಂತೆ ಪರಿಷ್ಕರಿಸಲಾಗುತ್ತದೆ. ಅಂಥ ಸಂಸ್ಥೆಗೂ ‘ಒಳಗಿನ ಮಾರುಕಟ್ಟೆಯಲ್ಲಿ ಹೆಚ್ಚಿನ ರಕ್ಷಣೆಯೊಂದಿಗೆ ಈ ವಿಮೆ ಸಿಗಬಹುದು’ ಎಂದು ಬ್ರೋಕರ್ ತಿಳಿಸಿರಬೇಕು, ಸಂಸ್ಥೆ ಲಿಖಿತವಾಗಿ ಒಪ್ಪಿರಬೇಕು.

ತೆರಿಗೆ ಮತ್ತು ಮುದ್ರೆಯ ಕಚೇರಿ

ಅಡ್ಮಿಟೆಡ್ ಕಂಪನಿ ಪ್ರೀಮಿಯಂ ತೆರಿಗೆಯನ್ನು ತಾನೇ ಕಟ್ಟುತ್ತದೆ. ಸರ್‌ಪ್ಲಸ್ ಲೈನ್ಸ್‌ನಲ್ಲಿ ತೆರಿಗೆಯನ್ನು ಗ್ರಾಹಕನಿಂದ ಪಡೆದು ರಾಜ್ಯಕ್ಕೆ ಕಟ್ಟುವವನು ಸಾಮಾನ್ಯವಾಗಿ ಬ್ರೋಕರ್. ಆದ್ದರಿಂದ ಬಿಲ್ಲಿನಲ್ಲಿ ಇದು ಬೇರೆಯೇ ಸಾಲಾಗಿ ಕಾಣಿಸುತ್ತದೆ. ತೆರಿಗೆಯ ದರ ಕ್ಯಾಲಿಫೋರ್ನಿಯಾದಲ್ಲಿ ಶೇ. 3, ನ್ಯೂಯಾರ್ಕಿನಲ್ಲಿ ಶೇ. 3.6, ಟೆಕ್ಸಾಸಿನಲ್ಲಿ ಶೇ. 4.85. ಫ್ಲೋರಿಡಾದಲ್ಲಿ ಶೇ. 5 ಇದ್ದದ್ದು 2020ರ ಜುಲೈಯಿಂದ ಶೇ. 4.94 ಆಯಿತು. ಅಂದರೆ 10,000 ಡಾಲರ್ ಪ್ರೀಮಿಯಂಗೆ ಕ್ಯಾಲಿಫೋರ್ನಿಯಾದಲ್ಲಿ 300 ಡಾಲರ್, ಟೆಕ್ಸಾಸಿನಲ್ಲಿ 485 ಡಾಲರ್ ತೆರಿಗೆ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಾಸ್, ಫ್ಲೋರಿಡಾ ಸೇರಿದಂತೆ ಹಲವು ರಾಜ್ಯಗಳಲ್ಲಿ ‘ಸ್ಟಾಂಪಿಂಗ್ ಆಫೀಸ್’ ಎಂದು ಕರೆಯಲಾಗುವ ಕಚೇರಿಗಳಿವೆ. ಬ್ರೋಕರ್ ಸಲ್ಲಿಸಿದ ಕಾಗದಪತ್ರ ಸರಿಯಿದೆಯೇ, ಕಂಪನಿ ಅರ್ಹವೇ, ತೆರಿಗೆಯ ಲೆಕ್ಕ ಸರಿಯೇ ಎಂದು ನೋಡುವುದು ಈ ಕಚೇರಿಗಳ ಕೆಲಸ. ಇದರ ಖರ್ಚಿಗಾಗಿ ಪ್ರೀಮಿಯಂ ಮೇಲೆ ಅಲ್ಪ ಶುಲ್ಕ ವಿಧಿಸಲಾಗುತ್ತದೆ.

ಗ್ಯಾರಂಟಿ ನಿಧಿ ಇಲ್ಲ

ಗ್ರಾಹಕರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಅಂಶ. ಅಡ್ಮಿಟೆಡ್ ಕಂಪನಿ ದಿವಾಳಿಯಾದರೆ ರಾಜ್ಯದ ಗ್ಯಾರಂಟಿ ನಿಧಿ ಒಂದು ಮಿತಿಯೊಳಗೆ ಕ್ಲೇಮು ಪಾವತಿಸುತ್ತದೆ. ಸರ್‌ಪ್ಲಸ್ ಲೈನ್ಸ್ ಕಂಪನಿ ದಿವಾಳಿಯಾದರೆ ಈ ಆಸರೆ ಇಲ್ಲ. ಪಾಲಿಸಿದಾರ ಉಳಿದ ಸಾಲಗಾರರ ಜತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇದಕ್ಕೆ ಅಪವಾದವೆಂದರೆ ನ್ಯೂಜೆರ್ಸಿ. ಅಲ್ಲಿ ಕೆಲವು ಬಗೆಯ ಸರ್‌ಪ್ಲಸ್ ಲೈನ್ಸ್ ಪಾಲಿಸಿಗಳಿಗಾಗಿಯೇ ಪ್ರತ್ಯೇಕ ಗ್ಯಾರಂಟಿ ನಿಧಿ ಇದೆ.

ಈ ಕೊರತೆಯನ್ನು ಗ್ರಾಹಕನಿಗೆ ಬರಹದಲ್ಲಿ ತಿಳಿಸುವುದು ಬ್ರೋಕರ್‌ನ ಕರ್ತವ್ಯ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ‘ಡಿ-1’ ಎಂಬ ನಮೂನೆ ಇದೆ. ಕಂಪನಿಗೆ ರಾಜ್ಯದ ಲೈಸೆನ್ಸ್ ಇಲ್ಲ, ಗ್ಯಾರಂಟಿ ನಿಧಿಯ ರಕ್ಷಣೆ ಇಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಮುದ್ರಿಸಿ ಗ್ರಾಹಕನ ಸಹಿ ಪಡೆಯಬೇಕು. ತುರ್ತಾಗಿ ವಿಮೆ ಬೇಕಾಗಿ, ಪಾಲಿಸಿ ಜಾರಿಯಾದ ಮೇಲೆ ಈ ನಮೂನೆ ಕೈಗೆ ಬಂದಿದ್ದರೆ, ಅದು ಸಿಕ್ಕಿದ ಐದು ದಿನಗಳೊಳಗೆ ಪಾಲಿಸಿಯನ್ನು ರದ್ದು ಮಾಡುವ ಹಕ್ಕು ಗ್ರಾಹಕನಿಗಿದೆ. ಆಗ ಕಳೆದ ದಿನಗಳ ಪ್ರೀಮಿಯಂ ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಮರಳಿಸಬೇಕು, ಬ್ರೋಕರ್ ಶುಲ್ಕವನ್ನೂ ಹಿಂದಿರುಗಿಸಬೇಕು.

ಮನೆ ಸಾಲದ ಕಾಗದಗಳ ಕಟ್ಟಿನಲ್ಲಿ ಇದೂ ಒಂದು ಹಾಳೆಯಾಗಿ ಬಂದರೆ ಓದದೆ ಸಹಿ ಹಾಕುವವರೇ ಹೆಚ್ಚು. ಆದರೆ ಆ ಸಹಿ ‘ನನಗೆ ಎಲ್ಲ ತಿಳಿದಿದೆ’ ಎಂಬುದಕ್ಕೆ ಪುರಾವೆಯಾಗುತ್ತದೆ ಎಂಬುದನ್ನು ಮರೆಯಬಾರದು.

ನಿಯಮ ಮೀರಿದ ಬ್ರೋಕರ್‌ಗೆ ದಂಡ, ಲೈಸೆನ್ಸ್ ಅಮಾನತು ಅಥವಾ ರದ್ದತಿಯ ಶಿಕ್ಷೆ ಇದೆ. ಫ್ಲೋರಿಡಾದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಧಿಕಾರವಿಲ್ಲದ ಕಂಪನಿಯ ಪಾಲಿಸಿಯನ್ನು ಕಾನೂನುಬಾಹಿರ ಎಂದು ತಿಳಿದೂ ಅಥವಾ ತಿಳಿಯಬೇಕಾಗಿದ್ದೂ ಮಾರಿದವನು, ಕಂಪನಿ ಕ್ಲೇಮು ಕೊಡದಿದ್ದರೆ ಆ ಪೂರ್ತಿ ಮೊತ್ತಕ್ಕೆ ತಾನೇ ಹೊಣೆಯಾಗುತ್ತಾನೆ.

ಕಾಳ್ಗಿಚ್ಚಿನ ನಾಡಿನಲ್ಲಿ

ಹಿಂದೆ ಕಾರ್ಖಾನೆ ಮತ್ತು ದೊಡ್ಡ ವ್ಯಾಪಾರಗಳಿಗೆ ಸೀಮಿತವಾಗಿದ್ದ ಈ ವಿಮೆ ಈಗ ವಾಸದ ಮನೆಗಳಿಗೂ ಹಬ್ಬುತ್ತಿದೆ. ವಿಮಾ ಕಂಪನಿಗಳಿಗೆ ಶ್ರೇಣಿ ನೀಡುವ ಎಎಂ ಬೆಸ್ಟ್ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಅಮೆರಿಕದ ಸರ್‌ಪ್ಲಸ್ ಲೈನ್ಸ್ ಪ್ರೀಮಿಯಂ 11,500 ಕೋಟಿ ಡಾಲರ್ ದಾಟಿತು.

ಕ್ಯಾಲಿಫೋರ್ನಿಯಾದಲ್ಲಿ 2023ರ ಮೇ ತಿಂಗಳಲ್ಲಿ ಅತಿ ದೊಡ್ಡ ಮನೆ ವಿಮಾ ಕಂಪನಿಯಾದ ಸ್ಟೇಟ್ ಫಾರ್ಮ್ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಎದ್ದ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಎಲ್ಲೂ ವಿಮೆ ಸಿಗದವರಿಗಾಗಿ 1968ರಲ್ಲಿ ಹುಟ್ಟಿದ ‘ಫೇರ್ ಪ್ಲಾನ್’ ಎಂಬ ಕಡೆಯ ಆಸರೆ ಅಲ್ಲಿದೆ. ಆದರೆ ಅದರ ರಕ್ಷಣೆ ಮುಖ್ಯವಾಗಿ ಬೆಂಕಿಗೆ ಸೀಮಿತ, ಮನೆಯ ವಿಮೆಗೆ 2020ರಲ್ಲಿ ನಿಗದಿಯಾದ ಮಿತಿ 30 ಲಕ್ಷ ಡಾಲರ್. ಅದಕ್ಕಿಂತ ಹೆಚ್ಚಿನ ಬೆಲೆಯ ಮನೆಯವರು ಮತ್ತು ಒಂದೇ ಪಾಲಿಸಿಯಲ್ಲಿ ವಿಸ್ತಾರವಾದ ರಕ್ಷಣೆ ಬೇಕೆನ್ನುವವರು ಸರ್‌ಪ್ಲಸ್ ಲೈನ್ಸ್ ಕಡೆಗೆ ತಿರುಗುತ್ತಿದ್ದಾರೆ.

ಹಾಗೆಂದು ಈ ವಿಮೆಯನ್ನು ಕಂಡು ಹೆದರಬೇಕಾಗಿಲ್ಲ. ಬೇರೆಲ್ಲೂ ವಿಮೆ ಸಿಗದಿದ್ದಾಗ ವಿಮೆಯೇ ಇಲ್ಲದೆ ಇರುವುದಕ್ಕಿಂತ ಅರ್ಹ ಕಂಪನಿಯ ಪಾಲಿಸಿ ಎಷ್ಟೋ ಮೇಲು. ಆದರೆ ಹಿಂದಿನ ಪಾಲಿಸಿಯಲ್ಲಿದ್ದ ರಕ್ಷಣೆಗಳೆಲ್ಲ ಇದರಲ್ಲೂ ಇವೆ ಎಂದು ನಂಬಿ ಕೂರುವಂತಿಲ್ಲ. ಒಕ್ಕಣೆಯೇ ಬೇರೆ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಸರ್‌ಪ್ಲಸ್ ಲೈನ್ಸ್ ಎಂಬ ಬಾಗಿಲು ಇಲ್ಲ. 1938ರ ವಿಮಾ ಕಾಯ್ದೆಯ 2ಸಿಬಿ ವಿಧಿಯ ಪ್ರಕಾರ ಭಾರತದಲ್ಲಿರುವ ಆಸ್ತಿಗೆ ವಿದೇಶದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯಿಂದ ಪೂರ್ವಾನುಮತಿ ಇಲ್ಲದೆ ವಿಮೆ ಪಡೆಯುವಂತಿಲ್ಲ. ಆದ್ದರಿಂದ ಅಮೆರಿಕದಲ್ಲಿರುವ ಮಗ ಅಲ್ಲಿನ ಬ್ರೋಕರ್ ಮೂಲಕ ಕಾಸರಗೋಡಿನ ಅಥವಾ ಸೊಲ್ಲಾಪುರದ ಮನೆಗೆ ವಿಮೆ ಮಾಡಿಸುತ್ತೇನೆಂದರೆ ಅದು ಆಗುವ ಮಾತಲ್ಲ. ಊರಿನ ಮನೆಗೆ ಇಲ್ಲಿ ನೋಂದಣಿಯಾದ ಕಂಪನಿಯ ಪಾಲಿಸಿಯೇ ಬೇಕು.

ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮನೆ ಅಥವಾ ವ್ಯಾಪಾರ ಇರುವವರು ಸರ್‌ಪ್ಲಸ್ ಲೈನ್ಸ್ ಪಾಲಿಸಿ ಕೈಗೆ ಬಂದಾಗ ಕೆಲವು ವಿಷಯಗಳನ್ನು ವಿಚಾರಿಸುವುದು ಒಳ್ಳೆಯದು.

1. ಬ್ರೋಕರ್‌ಗೆ ಸರ್‌ಪ್ಲಸ್ ಲೈನ್ಸ್ ಲೈಸೆನ್ಸ್ ಇದೆಯೇ? ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು.

2. ಕಂಪನಿಯ ಪೂರ್ಣ ಹೆಸರೇನು? ಅದು ರಾಜ್ಯದ ಅಥವಾ ಎನ್‌ಎಐಸಿ ಪಟ್ಟಿಯಲ್ಲಿದೆಯೇ? ಅದರ ಆರ್ಥಿಕ ಶ್ರೇಣಿ ಎಷ್ಟು? ಗ್ಯಾರಂಟಿ ನಿಧಿ ಇಲ್ಲದಿರುವಾಗ ಕಂಪನಿಯ ಸ್ವಂತ ಬಲವೇ ಗ್ಯಾರಂಟಿ.

3. ಒಳಗಿನ ಯಾವ ಕಂಪನಿಗಳು ನಿರಾಕರಿಸಿದವು, ಯಾವಾಗ? ಕೇಳಿದರೆ ಹೇಳಲು ಬ್ರೋಕರ್‌ಗೆ ತೊಂದರೆ ಇರಬಾರದು.

4. ಬಿಲ್ಲಿನಲ್ಲಿ ಪ್ರೀಮಿಯಂ, ತೆರಿಗೆ, ಸ್ಟಾಂಪಿಂಗ್ ಶುಲ್ಕ, ಬ್ರೋಕರ್ ಶುಲ್ಕ ಬೇರೆ ಬೇರೆಯಾಗಿ ನಮೂದಾಗಿವೆಯೇ?

5. ಕಾಳ್ಗಿಚ್ಚು, ಬಿರುಗಾಳಿ, ನೀರಿನ ಹಾನಿ ಇವುಗಳಲ್ಲಿ ಯಾವುದನ್ನು ಹೊರಗಿಡಲಾಗಿದೆ? ರದ್ದು ಮಾಡುವಾಗ ಮತ್ತು ನವೀಕರಣ ನಿಲ್ಲಿಸುವಾಗ ಎಷ್ಟು ದಿನಗಳ ನೋಟಿಸು?

6. ಮುಂದಿನ ವರ್ಷ ಒಳಗಿನ ಮಾರುಕಟ್ಟೆಯಲ್ಲಿ ಮತ್ತೆ ವಿಚಾರಿಸಲು ಬ್ರೋಕರ್ ಒಪ್ಪಿದ್ದಾನೆಯೇ? ಒಮ್ಮೆ ಹೊರಗೆ ಹೋದ ಪಾಲಿಸಿ ಯಾವಾಗಲೂ ಹೊರಗೇ ಇರಬೇಕೆಂದಿಲ್ಲ.

ಲೈಸೆನ್ಸ್ ಇಲ್ಲದ ಕಂಪನಿ ಮತ್ತು ಗ್ರಾಹಕನ ನಡುವೆ ರಾಜ್ಯ ನಿಲ್ಲಿಸಿರುವ ಕಾವಲುಗಾರ ಈ ಬ್ರೋಕರ್. ಆತನಿಗೆ ಕಮಿಷನ್ ಬರುವುದು ಪಾಲಿಸಿ ಮಾರಾಟವಾದರೆ ಎಂಬುದೂ ಅಷ್ಟೇ ನಿಜ. ಆದ್ದರಿಂದ ಮನೆ ಸುಟ್ಟ ಮೇಲೆ ಕೇಳುವ ಪ್ರಶ್ನೆಗಳನ್ನು ಸಹಿ ಹಾಕುವ ಮೊದಲೇ ಕೇಳುವುದು ಲೇಸು.